ಒಂದು ಬೈಟ್‌ನ ವ್ಯತ್ಯಾಸ: ಎಕ್ಸಿಮ್ ಮೇಲ್ ಸರ್ವರ್ ಕಲಿಸಿದ ಲೆಕ್ಕ

ಎಕ್ಸಿಮ್ ಎಂದ ಕೂಡಲೇ ನಮ್ಮ ವಾಣಿಜ್ಯ ವಿಭಾಗದವರಿಗೆ ನೆನಪಾಗುವುದು ರಫ್ತು-ಆಮದು ಬ್ಯಾಂಕ್. ಇದೇ ಹೆಸರಿನ ಒಂದು ಸಾಫ್ಟ್‌ವೇರ್ ಕೂಡ ಇದೆ. ನಾವು ಕಳಿಸುವ ಇ-ಮೇಲನ್ನು ಒಂದು ಊರಿನ ಕಂಪ್ಯೂಟರಿನಿಂದ ಇನ್ನೊಂದು ಊರಿನ ಕಂಪ್ಯೂಟರಿಗೆ ತಲುಪಿಸುವ ಅಂಚೆಯಣ್ಣನ ಕೆಲಸ ಅದರದು. 1995ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಫಿಲಿಪ್ ಹೇಝಲ್ ಇದನ್ನು ಬರೆಯಲು ಶುರು ಮಾಡಿದರು. ಇಂದು ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಮೇಲ್ ಸರ್ವರ್ ಸಾಫ್ಟ್‌ವೇರ್‌ಗಳಲ್ಲಿ ಇದೂ ಒಂದು.

2018ರಲ್ಲಿ ಈ ಎಕ್ಸಿಮ್‌ನಲ್ಲಿ ಒಂದು ದೋಷ ಸಿಕ್ಕಿತು. ಅದರ ಸಂಖ್ಯೆ ಸಿವಿಇ-2018-6789. ಕಂಪ್ಯೂಟರ್ ವಿಜ್ಞಾನ ಓದುವವರಿಗೆ ಮಾತ್ರ ಅರ್ಥವಾಗುವ ವಿಷಯ ಎಂದು ನಾನೂ ಮೊದಲು ಬಿಟ್ಟುಬಿಟ್ಟಿದ್ದೆ. ಆಮೇಲೆ ನೋಡಿದರೆ ಇದು ಗುಣಾಕಾರ, ಭಾಗಾಕಾರದ ತಪ್ಪು. ನಮಗೇ ಚೆನ್ನಾಗಿ ಅರ್ಥವಾಗುವಂಥದ್ದು.

ಮೇಲ್‌ನಲ್ಲಿ ಕನ್ನಡ, ಉರ್ದು ಹೇಗೆ ಹೋಗುತ್ತದೆ?

ಇ-ಮೇಲ್ ಕಳಿಸುವ ನಿಯಮ 1982ರಲ್ಲಿ ರೂಪುಗೊಂಡಾಗ ಅದರಲ್ಲಿ 128 ಚಿಹ್ನೆಗಳಿಗೆ ಮಾತ್ರ ಅವಕಾಶವಿತ್ತು. ಇಂಗ್ಲಿಷ್ ಅಕ್ಷರ, ಅಂಕಿ, ಕೆಲವು ಗುರುತುಗಳು, ಅಷ್ಟೇ. ಬೇರೆ ಭಾಷೆಯ ಬರಹ, ಫೋಟೋ ಮುಂತಾದವನ್ನು ಕಳಿಸಲು ಬೇಸ್-64 ಎಂಬ ಉಪಾಯ ಬಳಕೆಗೆ ಬಂತು. ಇಂಗ್ಲಿಷಿನ ದೊಡ್ಡಕ್ಷರ 26, ಚಿಕ್ಕಕ್ಷರ 26, ಅಂಕಿ 10, ಎರಡು ಗುರುತು, ಒಟ್ಟು 64. ಯಾವುದೇ ಮಾಹಿತಿಯ 3 ಬೈಟ್‌ಗಳನ್ನು ಈ 64ರಲ್ಲಿನ 4 ಅಕ್ಷರಗಳಾಗಿ ಬದಲಾಯಿಸಿ ಕಳಿಸುತ್ತಾರೆ. ಆ ಕಡೆ ತಲುಪಿದ ಮೇಲೆ 4 ಅಕ್ಷರಗಳನ್ನು ಮತ್ತೆ 3 ಬೈಟ್ ಮಾಡಿಕೊಳ್ಳುತ್ತಾರೆ.

ಈಗ ನಮ್ಮ ಯುನಿಕೋಡ್ ಬರಹಕ್ಕೆ ಬರೋಣ. ಕನ್ನಡದಲ್ಲಿ ಪ್ರತಿ ಅಕ್ಷರಕ್ಕೂ, ಪ್ರತಿ ಸ್ವರಚಿಹ್ನೆಗೂ 3 ಬೈಟ್ ಬೇಕು. ‘ಪುಸ್ತಕ’ ಎಂಬ ಪದದಲ್ಲಿ ಪ, ಉಕಾರದ ಕೊಂಬು, ಸ, ಒತ್ತಕ್ಷರ ಮಾಡುವ ವಿರಾಮ, ತ, ಕ ಎಂದು 6 ಘಟಕಗಳಿವೆ. ಆರು ಮೂರಲೇ 18 ಬೈಟ್. ಬೇಸ್-64ರಲ್ಲಿ ಅದು ಸರಿಯಾಗಿ 24 ಅಕ್ಷರ, ಏನೂ ಉಳಿಯುವುದಿಲ್ಲ.

ಉರ್ದುವಿನಲ್ಲಿ ಒಂದು ಅಕ್ಷರಕ್ಕೆ 2 ಬೈಟ್. ‘ಕಿತಾಬ್’ ಎಂದು ಉರ್ದುವಿನಲ್ಲಿ ಬರೆದರೆ ಕಾಫ್, ತೆ, ಅಲಿಫ್, ಬೆ, ನಾಲ್ಕು ಅಕ್ಷರ, 8 ಬೈಟ್. ಮೂರರಿಂದ ಭಾಗಿಸಿದರೆ 2 ಗುಂಪು ಆಗಿ 2 ಬೈಟ್ ಉಳಿಯುತ್ತದೆ. ಎರಡು ಗುಂಪಿಗೆ 8 ಅಕ್ಷರ, ಉಳಿದ 2 ಬೈಟ್‌ಗೆ 3 ಅಕ್ಷರ, ಒಟ್ಟು 11. ನಾಲ್ಕರ ಗುಂಪು ಪೂರ್ತಿಯಾಗಲು ಕೊನೆಗೆ ಒಂದು ‘=’ ಗುರುತು ಹಾಕಿ 12 ಮಾಡುತ್ತಾರೆ.

ತಪ್ಪಿದ್ದು ಎಲ್ಲಿ?

ಎಕ್ಸಿಮ್ ಬರೆದಿರುವುದು ಸಿ ಭಾಷೆಯಲ್ಲಿ. ಸಿ ಭಾಷೆಯಲ್ಲಿ ಎಷ್ಟು ಮೆಮೊರಿ ಬೇಕೆಂದು ಬರೆಯುವವರೇ ಲೆಕ್ಕ ಹಾಕಿ ಕೇಳಬೇಕು. ಕೇಳಿದ್ದಕ್ಕಿಂತ ಹೆಚ್ಚು ಬರೆದರೆ ಸಿ ಭಾಷೆ ತಾನಾಗಿ ತಡೆಯುವುದಿಲ್ಲ. ಬೇಸ್-64 ಬಿಡಿಸುವಾಗ ಎಕ್ಸಿಮ್ ಹಾಕುತ್ತಿದ್ದ ಸೂತ್ರ ಹೀಗಿತ್ತು:

ಬೇಕಾದ ಜಾಗ = 3 × (ಅಕ್ಷರಗಳ ಸಂಖ್ಯೆ ÷ 4) + 1

ಇಲ್ಲಿ ಭಾಗಾಕಾರ ಪೂರ್ಣಾಂಕದ್ದು. ಉಳಿದ ಶೇಷವನ್ನು ಕೈಬಿಡಲಾಗುತ್ತದೆ. ಗೋಕಾಕದ ಕರದಂಟಿನ 11 ತುಂಡುಗಳನ್ನು ನಾಲ್ಕು ತುಂಡಿನ ಡಬ್ಬಿಗೆ ತುಂಬಿದರೆ 2 ಡಬ್ಬಿ ತುಂಬುತ್ತವೆ, ಮೂರು ತುಂಡು ಹೊರಗೆ ಉಳಿಯುತ್ತವೆ. ಆ ಮೂರನ್ನು ಲೆಕ್ಕಕ್ಕೇ ಹಿಡಿಯದ ಹಾಗೆ ಇದು.

‘ಕಿತಾಬ್’ ಸರಿಯಾಗಿ 12 ಗುರುತುಗಳಲ್ಲಿ ಬಂದರೆ 3 × 3 + 1 = 10 ಬೈಟ್ ಜಾಗ ಸಿಗುತ್ತದೆ. ಬೇಕಾಗಿದ್ದು 8. ತೊಂದರೆ ಇಲ್ಲ. ಆದರೆ ಯಾರೋ ಬೇಕೆಂದೇ ಕೊನೆಯ ‘=’ ತೆಗೆದು 11 ಅಕ್ಷರ ಮಾತ್ರ ಕಳಿಸಿದರೆ? 11 ÷ 4 = 2, ಶೇಷ 3. ಜಾಗ 3 × 2 + 1 = 7 ಬೈಟ್. ಬಿಡಿಸುವಾಗ ಬರೆಯುವುದು 8 ಬೈಟ್. ಒಂದು ಬೈಟ್ ಪಕ್ಕದ ಮನೆಗೆ ಹೋಯಿತು! ‘ಇದು ಸರಿಯಾದ ಬೇಸ್-64 ಅಲ್ಲ’ ಎಂದು ಸರ್ವರ್ ತಿರಸ್ಕರಿಸುವ ಹೊತ್ತಿಗೆ ಆ ಬೈಟ್ ಬರೆದಾಗಿರುತ್ತಿತ್ತು.

ಒಂದೇ ಬೈಟ್, ಅಷ್ಟಕ್ಕೇ ಏನಾಗುತ್ತದೆ?

ಮೆಮೊರಿಯ ಪ್ರತಿ ತುಂಡಿನ ತಲೆಯ ಮೇಲೆ ಅದರ ಗಾತ್ರ ಎಷ್ಟೆಂದು ಬರೆದಿರುತ್ತದೆ, ಲೆಡ್ಜರ್‌ನ ಪುಟದ ತಲೆಬರಹದ ಹಾಗೆ. ದಾಟಿ ಹೋದ ಬೈಟ್ ಪಕ್ಕದ ತುಂಡಿನ ಈ ಗಾತ್ರವನ್ನೇ ತಿದ್ದಬಲ್ಲದು. ಆಗ ಸರ್ವರ್ ಸಣ್ಣ ತುಂಡನ್ನು ದೊಡ್ಡದೆಂದು ನಂಬಿ, ಬೇರೆಯವರ ಜಾಗದ ಮೇಲೂ ಬರೆಯಲು ಬಿಡುತ್ತದೆ. ಹೀಗೆ ಹೆಜ್ಜೆ ಹೆಜ್ಜೆಯಾಗಿ ಹೋಗಿ ದಾಳಿಕೋರ ತನ್ನ ಆದೇಶವನ್ನೇ ಸರ್ವರ್‌ನಿಂದ ನಡೆಸಬಹುದು. ಮೇಲ್ ಸರ್ವರ್‌ಗೆ ಲಾಗಿನ್ ಆಗುವಾಗ ಹೆಸರು, ಪಾಸ್‌ವರ್ಡ್ ಹೋಗುವುದೂ ಬೇಸ್-64ರಲ್ಲೇ. ಆದ್ದರಿಂದ ಸರಿಯಾದ ಪಾಸ್‌ವರ್ಡ್ ಗೊತ್ತಿಲ್ಲದವನಿಗೂ ಈ ಬಾಗಿಲು ತೆರೆದಿತ್ತು.

ಇದನ್ನು ಕಂಡುಹಿಡಿದವರು ತೈವಾನಿನ ಡೆವ್‌ಕೋರ್ ಸಂಸ್ಥೆಯ ಸಂಶೋಧಕರಾದ ಮೆಹ್ ಚಾಂಗ್. ಅವರು ಇದನ್ನು ಊರಿಗೆಲ್ಲ ಸಾರಲಿಲ್ಲ. 2018ರ ಫೆಬ್ರವರಿ 5ರಂದು ಎಕ್ಸಿಮ್ ತಂಡಕ್ಕೆ ಮಾತ್ರ ತಿಳಿಸಿದರು. ಇದರ ದುರ್ಬಳಕೆ ಕಷ್ಟ ಎಂಬುದು ತಂಡದ ಮೊದಲ ಅಂದಾಜಾಗಿತ್ತು. ಆದರೂ ತಡ ಮಾಡದೆ ಫೆಬ್ರವರಿ 10ರಂದು ಸರಿಪಡಿಸಿದ 4.90.1 ಆವೃತ್ತಿಯನ್ನು ಬಿಡುಗಡೆ ಮಾಡಿತು. ಅದರ ಹಿಂದಿನ ಆವೃತ್ತಿಗಳಲ್ಲೆಲ್ಲ ದೋಷವಿತ್ತು. ಮಾರ್ಚ್ 6ರಂದು ಡೆವ್‌ಕೋರ್ ಪೂರ್ತಿ ವಿವರ ಪ್ರಕಟಿಸಿ, ದಾಳಿ ಸಾಧ್ಯ ಎಂದು ತೋರಿಸಿತು. ಅಪಾಯದಲ್ಲಿದ್ದ ಸರ್ವರ್‌ಗಳು ಕನಿಷ್ಠ 4 ಲಕ್ಷ ಎಂಬುದು ಅವರ ಅಂದಾಜು.

ಮಹಾಂತೇಶ ನಗರದವರಿಗೆ ಇದರಿಂದೇನು?

ನಮ್ಮ ಬಡಾವಣೆಯಲ್ಲೇ ಎಷ್ಟೋ ಅಂಗಡಿ, ಟ್ಯೂಷನ್ ಕ್ಲಾಸು, ಆಡಿಟರ್ ಆಫೀಸುಗಳಿವೆ. ಸ್ವಂತ ಹೆಸರಿನ ವೆಬ್‌ಸೈಟ್, ಸ್ವಂತ ಹೆಸರಿನ ಮೇಲ್ ಬೇಕೆಂದು ಇಂಥವರು ವರ್ಷಕ್ಕಿಷ್ಟು ಎಂದು ಹಣ ಕಟ್ಟಿ ಜಾಗ ಬಾಡಿಗೆಗೆ ಪಡೆಯುವುದುಂಟು. ಅಂಥ ಕಡೆ ಸಾಮಾನ್ಯವಾಗಿ ಸಿಗುವ ಸಿಪ್ಯಾನೆಲ್ ಎಂಬ ವ್ಯವಸ್ಥೆಯಲ್ಲಿ ಮೇಲ್ ಕೆಲಸ ಮಾಡುವುದು ಎಕ್ಸಿಮ್. ಗ್ರಾಹಕರ ಬಿಲ್, ಪ್ಯಾನ್ ಕಾರ್ಡ್, ಬ್ಯಾಂಕ್ ವಿವರ ಎಲ್ಲ ಅದರ ಮೂಲಕವೇ ಹೋಗುತ್ತದೆ. ನಾಳೆ ನಾವು ಬಿ.ಕಾಂ. ಮುಗಿಸಿ ಇಂಥದ್ದೇ ಆಫೀಸಿನಲ್ಲಿ ಕೂತಾಗ ಕೇಳಬೇಕಾದ ಪ್ರಶ್ನೆ ಎರಡೇ: ನಮ್ಮ ಮೇಲ್ ಸರ್ವರ್ ಯಾವ ಆವೃತ್ತಿಯದು? ಅದನ್ನು ಅಪ್‌ಡೇಟ್ ಮಾಡುವ ಜವಾಬ್ದಾರಿ ಯಾರದು? ದಾಳಿ ನಡೆದರೆ ಮುಚ್ಚಿಡುವ ಹಾಗೂ ಇಲ್ಲ. 2022ರ ನಿರ್ದೇಶನದಂತೆ ಸಂಸ್ಥೆಗಳು ಇಂಥ ಘಟನೆಯನ್ನು ಗೊತ್ತಾದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸರ್ಟ್-ಇನ್‌ಗೆ ತಿಳಿಸಬೇಕು.

ಟ್ರಯಲ್ ಬ್ಯಾಲೆನ್ಸ್ ಒಂದು ರೂಪಾಯಿ ತಾಳೆಯಾಗದಿದ್ದರೂ ನಾವು ಬಿಡುವುದಿಲ್ಲ. ವ್ಯತ್ಯಾಸವನ್ನು ಅಮಾನತು ಖಾತೆಗೆ ಹಾಕಿ, ತಪ್ಪು ಸಿಗುವವರೆಗೆ ಹುಡುಕುತ್ತೇವೆ. ನಮ್ಮ ಮನೆಯ ಉರ್ದುವಿನಲ್ಲಿ ಅಮಾನತ್ ಎಂದರೆ ಬೇರೆಯವರು ನಂಬಿ ನಮ್ಮ ಕೈಗೆ ಕೊಟ್ಟ ವಸ್ತು. ಮೇಲ್ ಸರ್ವರ್‌ನಲ್ಲಿ ಇರುವುದೆಲ್ಲ ಅಂಥ ಅಮಾನತ್ತೇ. ಅಲ್ಲಿ ಒಂದು ಬೈಟ್‌ನ ವ್ಯತ್ಯಾಸವನ್ನೂ ‘ಇರಲಿ ಬಿಡು’ ಎನ್ನುವಂತಿಲ್ಲ.

ನೀವೇ ಮಾಡಿ ನೋಡಿ: 7, 15, 20, 22 ಅಕ್ಷರಗಳು ಬಂದರೆ ಹಳೆಯ ಸೂತ್ರ ಕೊಡುವ ಜಾಗವೆಷ್ಟು, ಬರೆಯುವ ಬೈಟ್ ಎಷ್ಟು? (ಕೊನೆಯಲ್ಲಿ 2 ಅಕ್ಷರ ಉಳಿದರೆ 1 ಬೈಟ್, 3 ಉಳಿದರೆ 2 ಬೈಟ್.)

ಉತ್ತರ: 7ಕ್ಕೆ ಜಾಗ 4, ಬರೆಯುವುದು 5. 15ಕ್ಕೆ ಜಾಗ 10, ಬರೆಯುವುದು 11. 20ಕ್ಕೆ ಜಾಗ 16, ಬರೆಯುವುದು 15. 22ಕ್ಕೆ ಜಾಗ 16, ಬರೆಯುವುದೂ 16. ಶೇಷ 3 ಬಂದಾಗ ಮಾತ್ರ ಲೆಕ್ಕ ತಪ್ಪುತ್ತದೆ.