ಜಿಪ್ಸಿಯ ಟ್ರಾನ್ಸ್‌ಫರ್ ಕೇಸ್‌ಗೆ ಹೊಸ ಗೇರ್: ಮೊದಲ ಸಲ ಮಾಡುವವರಿಗೆ ಹಂತ ಹಂತವಾಗಿ

ಸಕಲೇಶಪುರದ ಕಡೆ ಮಳೆಗಾಲದ ತೋಟದ ದಾರಿಯಲ್ಲಿ ಮಾರುತಿ ಜಿಪ್ಸಿ ಓಡಿಸಿದವರಿಗೆ ಒಂದು ಮಾತು ಗೊತ್ತಿರುತ್ತದೆ: ಅಲ್ಲಿ ಬೇಕಾಗುವುದು ವೇಗವಲ್ಲ, ನಿಧಾನ. ಕಲ್ಲಿನ ಮೇಲೆ ಗಾಡಿಯನ್ನು ನಿಧಾನಿಸಲು ಅರ್ಧ ಕ್ಲಚ್‌ನಲ್ಲೇ ಓಡಿಸಿದರೆ ಕ್ಲಚ್ ಸವೆಯುತ್ತದೆ, ಬೇಗ ಹೋದರೆ ಟೈರ್ ಜಾರಿ ದಾರಿಯೂ ಹಾಳಾಗುತ್ತದೆ. ಇಂಜಿನ್ ಮುಟ್ಟದೆಯೇ ಆ ನಿಧಾನವನ್ನು ಕೊಡುವುದು, ಶಕ್ತಿಯನ್ನು ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸ್‌ನ ಗೇರ್ ಬದಲಾವಣೆ.

1985ರಲ್ಲಿ ಬಂದ ಜಿಪ್ಸಿ ಮೂಲದಲ್ಲಿ ಸುಜುಕಿಯ ಎಸ್‌ಜೆ ಗಾಡಿ. ಅದರ ಟ್ರಾನ್ಸ್‌ಫರ್ ಕೇಸ್ ಗೇರ್‌ಬಾಕ್ಸ್‌ಗೆ ಅಂಟಿಕೊಂಡಿಲ್ಲ. ಗಾಡಿಯ ನಡುವೆ ಮೂರು ರಬ್ಬರ್ ಮೌಂಟ್‌ಗಳ ಮೇಲೆ ಪ್ರತ್ಯೇಕವಾಗಿ ಕೂತಿದೆ. ಗೇರ್‌ಬಾಕ್ಸ್ ಇಳಿಸದೆ ಅದೊಂದನ್ನೇ ಇಳಿಸಬಹುದು, ಮೇಜಿನ ಮೇಲಿಟ್ಟು ಬಿಚ್ಚಬಹುದು. ಅದಕ್ಕೇ ಕಲಿಯುವವರಿಗೆ ಇದು ಒಳ್ಳೆಯ ಮೊದಲ ಪಾಠ.

ಮೊದಲು ಲೆಕ್ಕ

ಜಿಪ್ಸಿಯ ನಂತರದ ಮಾದರಿಯಾದ ಜಿಪ್ಸಿ ಕಿಂಗ್‌ನ ಟ್ರಾನ್ಸ್‌ಫರ್ ಕೇಸ್‌ನಲ್ಲಿ ಹೈ (ಮಾಮೂಲಿ ಓಟದ) ಅನುಪಾತ 1.409, ಲೋ (ನಿಧಾನ ಓಟದ) 2.268. ಆಫ್‌ರೋಡ್ ಕಿಟ್‌ಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಲೋ 4.16. ಇನ್ನೂ ನಿಧಾನ ಬೇಕಾದವರಿಗೆ 4.9, 6.5ರ ಆಸುಪಾಸಿನ ಕಿಟ್‌ಗಳೂ ಇವೆ. 15 ಇಂಚಿನ ರಿಮ್ಮಿನ ಮಾಮೂಲಿ ಟೈರಿನಲ್ಲಿ, ಇಂಜಿನ್ ನಿಮಿಷಕ್ಕೆ 1000 ಸುತ್ತು ತಿರುಗುವಾಗ, ಲೋ ಫಸ್ಟ್‌ನಲ್ಲಿ ಗಾಡಿ ಗಂಟೆಗೆ ಸುಮಾರು 4 ಕಿ.ಮೀ. ಹೋಗುತ್ತದೆ. 4.16 ಹಾಕಿದರೆ ಅದು ಸುಮಾರು 2 ಕಿ.ಮೀ.ಗೆ ಇಳಿಯುತ್ತದೆ. ಇಳಿಜಾರಿನಲ್ಲಿ ಬ್ರೇಕ್ ತುಳಿಯದೆ ಇಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುವುದು ಇದರ ದೊಡ್ಡ ಲಾಭ.

ಇದಕ್ಕೆ ಒಂದು ಬೆಲೆಯೂ ಇದೆ. 4.16 ಕಿಟ್‌ನಲ್ಲಿ ಹೈ ಕೂಡ ಸಾಮಾನ್ಯವಾಗಿ ಶೇ 12ರಷ್ಟು ನಿಧಾನವಾಗುತ್ತದೆ. ದೊಡ್ಡ ಟೈರ್ ಹಾಕಿರುವವರಿಗೆ ಇದು ಸರಿಹೊಂದುತ್ತದೆ. ಮಾಮೂಲಿ ಟೈರಿನಲ್ಲಿ ಮೈಸೂರು ರಸ್ತೆಯಲ್ಲಿ ಓಡಿಸುವವರಿಗೆ ಅದೇ ವೇಗಕ್ಕೆ ಇಂಜಿನ್ ಹೆಚ್ಚು ತಿರುಗುತ್ತದೆ, ಪೆಟ್ರೋಲೂ ಹೆಚ್ಚು ಕುಡಿಯುತ್ತದೆ. ಗಾಡಿ ದಿನವೂ ಬೆಂಗಳೂರಿನ ಶ್ರೀನಗರದಿಂದ ಕತ್ರಿಗುಪ್ಪೆ, ಬನಶಂಕರಿ ಸುತ್ತುವುದಕ್ಕಷ್ಟೇ ಆಗಿದ್ದರೆ ಈ ಕೆಲಸ ಬೇಡ.

ಬೇಕಾಗುವ ಸಾಮಾನು

- ಗೇರ್ ಕಿಟ್, ಹೊಸ ಬೇರಿಂಗ್‌ಗಳು, ಆಯಿಲ್ ಸೀಲ್‌ಗಳು, ಸರ್ಕ್ಲಿಪ್‌ಗಳು
- ಗೇರ್ ಆಯಿಲ್ (ಕೇಸ್‌ಗೆ ಸುಮಾರು 0.8 ಲೀಟರ್), ಗ್ಯಾಸ್ಕೆಟ್ ಪೇಸ್ಟ್
- ಜಾಕ್, ನಾಲ್ಕು ಗಟ್ಟಿ ಸ್ಟ್ಯಾಂಡ್, ಚಕ್ರಕ್ಕೆ ಅಡ್ಡ ಇಡುವ ಮರದ ತುಂಡುಗಳು
- ಸಾಕೆಟ್ ಸೆಟ್, ಟಾರ್ಕ್ ರೆಂಚ್, ಸರ್ಕ್ಲಿಪ್ ಪ್ಲೈಯರ್, ಬೇರಿಂಗ್ ಪುಲ್ಲರ್, ಪ್ಲಾಸ್ಟಿಕ್ ಸುತ್ತಿಗೆ
- ಬಿಳಿ ಪೇಂಟ್, ದೊಡ್ಡ ಟ್ರೇ, ನಿಮ್ಮ ಮಾಡೆಲ್‌ನ ಸರ್ವೀಸ್ ಮ್ಯಾನುಯಲ್

ಬೇರಿಂಗ್, ಸೀಲ್‌ಗಳಿಗೆ ಜೆ.ಸಿ. ರಸ್ತೆ, ಕಲಾಸಿಪಾಳ್ಯದ ಬಿಡಿಭಾಗಗಳ ಅಂಗಡಿಗಳಲ್ಲಿ ಹುಡುಕಿ. ಹಳೆಯದನ್ನು ಕೈಯಲ್ಲೇ ಹಿಡಿದುಕೊಂಡು ಹೋದರೆ ಅಳತೆ ತಪ್ಪುವುದಿಲ್ಲ. ಕಿಟ್ ತರಿಸುವ ಮುಂಚೆ ಇನ್‌ಪುಟ್ ಶಾಫ್ಟ್‌ನ ಸ್ಪ್ಲೈನ್ ಎಣಿಸಿ. ಎಸ್‌ಜೆ ಸಂತತಿಯಲ್ಲಿ 22 ಮತ್ತು 26, ಎರಡೂ ಬಗೆ ಇವೆ. ಒಂದರದು ಇನ್ನೊಂದಕ್ಕೆ ಕೂರುವುದಿಲ್ಲ.

ಹಂತ 1: ಗಾಡಿಯನ್ನು ಭದ್ರಮಾಡಿ

ಶ್ರೀನಗರ, ಹನುಮಂತನಗರದ ಎಷ್ಟೋ ಬೀದಿಗಳು ಇಳಿಜಾರಿನವು. ಅಂಥ ಬೀದಿಯಲ್ಲಿ ಈ ಕೆಲಸಕ್ಕೆ ಇಳಿಯಬೇಡಿ. ಸಮತಟ್ಟಾದ ಕಾಂಕ್ರೀಟ್ ನೆಲ ಬೇಕು. ಮನೆಯಲ್ಲಿ ಇಲ್ಲದಿದ್ದರೆ ಪರಿಚಯದ ಗ್ಯಾರೇಜಿನಲ್ಲಿ ಜಾಗ ಕೇಳಿ. ಪ್ರೊಪೆಲ್ಲರ್ ಶಾಫ್ಟ್ ಕಳಚಿದ ಮೇಲೆ ಗಾಡಿ ಗೇರ್‌ನಲ್ಲಿದ್ದರೂ ನಿಲ್ಲುವುದಿಲ್ಲ. ಇದು ಜೀವದ ವಿಷಯ. ಚಕ್ರಗಳಿಗೆ ಎರಡೂ ಕಡೆ ಅಡ್ಡ ಇಡಿ, ಸ್ಟ್ಯಾಂಡ್‌ ಮೇಲೆ ಕೂರಿಸಿ, ಕೈಯಿಂದ ಅಲುಗಾಡಿಸಿ ನೋಡಿದ ಮೇಲೆಯೇ ಕೆಳಗೆ ಮಲಗಿ. ಬ್ಯಾಟರಿ ತಂತಿ ಕಳಚಿ.

ಹಂತ 2: ಕೇಸ್ ಇಳಿಸಿ

ಟ್ರಾನ್ಸ್‌ಫರ್ ಕೇಸ್‌ನ ಆಯಿಲ್ ಬಸಿಯಿರಿ. ಗೇರ್‌ಬಾಕ್ಸ್‌ನಿಂದ ಬರುವ, ಮುಂದಕ್ಕೆ ಮತ್ತು ಹಿಂದಕ್ಕೆ ಹೋಗುವ ಮೂರೂ ಶಾಫ್ಟ್‌ಗಳ ಫ್ಲ್ಯಾಂಜ್ ಜೋಡಿಗಳಿಗೆ ಬಿಳಿ ಪೇಂಟಿನ ಗೆರೆ ಎಳೆಯಿರಿ. ಮರಳಿ ಅದೇ ಜಾಗಕ್ಕೆ ಬರದಿದ್ದರೆ ಗಾಡಿ ನಡುಗುತ್ತದೆ. ಗೇರ್‌ಬಾಕ್ಸ್‌ನಿಂದ ಬರುವ ಗಿಡ್ಡ ಶಾಫ್ಟ್ ಎಳೆದಾಗ ಅಲ್ಲಿಂದಲೂ ಆಯಿಲ್ ಸುರಿಯಬಹುದು, ಟ್ರೇ ಇರಲಿ. ಗಾಡಿಯ ಒಳಗಿನಿಂದ ಟ್ರಾನ್ಸ್‌ಫರ್ ಲಿವರ್‌ನ ಬೂಟ್ ಮೇಲೆತ್ತಿ ಲಿವರ್ ತೆಗೆಯಿರಿ. ಸ್ಪೀಡೋಮೀಟರ್ ಕೇಬಲ್, ಫೋರ್‌ವೀಲ್ ಸ್ವಿಚ್‌ನ ತಂತಿ ಕಳಚಿ. ಜಾಕ್ ಆಸರೆ ಕೊಟ್ಟು ಮೌಂಟ್ ಬೋಲ್ಟ್ ಬಿಚ್ಚಿ. ಇಳಿಸುವಾಗ ಇಬ್ಬರಿರಬೇಕು.

ಹಂತ 3: ತೊಳೆದು, ಎಣಿಸಿ, ಬಿಚ್ಚಿ

ಹೊರಗಿನ ಕೆಸರನ್ನು ಪೂರ್ತಿ ತೊಳೆಯಿರಿ. ಬಿಚ್ಚುವ ಮುಂಚೆ ಲೋಗೆ ಹಾಕಿ, ಹಿಂದಿನ ಫ್ಲ್ಯಾಂಜ್ ಒಂದು ಸುತ್ತು ಬರುವವರೆಗೆ ಇನ್‌ಪುಟ್ ಫ್ಲ್ಯಾಂಜ್ ತಿರುಗಿಸಿ ಎಣಿಸಿ. ಎರಡೂಕಾಲು ಸುತ್ತು ದಾಟಿ ಕೂದಲಷ್ಟೇ ಹೆಚ್ಚು ಬಂದರೆ ಒಳಗಿರುವುದು 2.268.

ಸ್ಪೀಡೋಮೀಟರ್ ಗೇರ್, ಸ್ವಿಚ್, ಶಿಫ್ಟ್ ರಾಡ್‌ಗಳ ಸ್ಪ್ರಿಂಗ್ ಮತ್ತು ಉಕ್ಕಿನ ಗುಂಡುಗಳನ್ನು ಮೊದಲು ತೆಗೆಯಿರಿ. ಗುಂಡು ಚಿಮ್ಮುತ್ತದೆ, ರಂಧ್ರಕ್ಕೆ ಬಟ್ಟೆ ಅಡ್ಡ ಹಿಡಿಯಿರಿ. ಫ್ಲ್ಯಾಂಜ್ ನಟ್ ಬಿಚ್ಚಿ, ಕೇಸ್‌ನ ಬೋಲ್ಟ್ ತೆಗೆದು, ಪ್ಲಾಸ್ಟಿಕ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಭಾಗಗಳನ್ನು ಬೇರ್ಪಡಿಸಿ. ಸಂದಿಗೆ ಸ್ಕ್ರೂಡ್ರೈವರ್ ತೂರಿಸಿದರೆ ಅಲ್ಯೂಮಿನಿಯಂ ಮೇಲೆ ಗೀರು ಬಿದ್ದು ಜನ್ಮಪೂರ್ತಿ ಆಯಿಲ್ ಸೋರುತ್ತದೆ. ತೆಗೆದ ವಾಷರ್, ನೀಡಲ್ ಬೇರಿಂಗ್, ಗೇರ್ ಎಲ್ಲವನ್ನೂ ಹಳೆಯ ಪೇಪರಿನ ಮೇಲೆ ಬಂದ ಕ್ರಮದಲ್ಲೇ, ಮುಖ ಯಾವ ಕಡೆಗಿತ್ತೋ ಆ ಕಡೆಗೇ ಜೋಡಿಸಿ, ಫೋಟೋ ತೆಗೆದುಕೊಳ್ಳಿ.

ಹಂತ 4: ಹೊಸ ಗೇರ್ ಕೂರಿಸಿ

ಕಿಟ್‌ನಲ್ಲಿ ಸಾಮಾನ್ಯವಾಗಿ ಇನ್‌ಪುಟ್ ಗೇರ್, ಕೌಂಟರ್ ಗೇರ್, ಔಟ್‌ಪುಟ್‌ನ ಹೈ ಮತ್ತು ಲೋ ಗೇರ್ ಬರುತ್ತವೆ. ಇವು ಒಂದೇ ಸೆಟ್. ಹಳೆಯದರ ಜೊತೆ ಬೆರೆಸಬೇಡಿ. ಗಟ್ಟಿಯಾಗಿ ಕೂತ ಬೇರಿಂಗ್‌ಗೆ ಸುತ್ತಿಗೆ ಎತ್ತುವ ಬದಲು ಪ್ರೆಸ್ ಇರುವ ಲೇತ್ ಅಂಗಡಿಗೆ ಒಯ್ಯಿರಿ.

ಹೊಸ ಗೇರ್ ಕೆಲವು ಕಿಟ್‌ಗಳಲ್ಲಿ ದೊಡ್ಡದಿರುತ್ತದೆ. ಖಾಲಿ ಕೇಸ್‌ನೊಳಗೆ ಇಟ್ಟು ತಿರುಗಿಸಿ ನೋಡಿ. ಎಲ್ಲಾದರೂ ತಾಗಿದರೆ ಕಿಟ್‌ನ ಸೂಚನೆಯಷ್ಟೇ ಗ್ರೈಂಡ್ ಮಾಡಿ, ಲೋಹದ ಪುಡಿ ಒಂದಿಷ್ಟೂ ಉಳಿಯದಂತೆ ತೊಳೆಯಿರಿ. ಎಲ್ಲ ಬೇರಿಂಗ್‌ಗೂ ಆಯಿಲ್ ಸವರಿ, ನೀಡಲ್‌ಗಳನ್ನು ಗ್ರೀಸ್‌ನಿಂದ ಅಂಟಿಸಿ ಕೂರಿಸಿ. ಪ್ರತಿ ಭಾಗ ಸೇರಿಸಿದ ಮೇಲೂ ಕೈಯಲ್ಲಿ ತಿರುಗಿಸಿ. ಬಿಗಿ ಅನಿಸಿದರೆ ಮುಂದೆ ಹೋಗಬೇಡಿ. ವಾಷರ್ ತಿರುವುಮುರುವು ಆಗಿದೆಯೇ ನೋಡಿ.

ಹಂತ 5: ಮೇಜಿನ ಮೇಲೆಯೇ ಪರೀಕ್ಷೆ

ಎರಡೂ ಮುಖ ಒರೆಸಿ, ಗ್ಯಾಸ್ಕೆಟ್ ಪೇಸ್ಟ್ ತೆಳ್ಳಗೆ ಹಚ್ಚಿ ಮುಚ್ಚಿ. ಬೋಲ್ಟ್‌ಗಳನ್ನು ಮ್ಯಾನುಯಲ್ ಹೇಳುವ ಟಾರ್ಕ್‌ಗೆ ಬಿಗಿಮಾಡಿ. ಲಿವರ್ ಕೂರಿಸಿ 2ಎಚ್ (ಎರಡು ಚಕ್ರ, ಹೈ), 4ಎಚ್ (ನಾಲ್ಕು ಚಕ್ರ, ಹೈ), ನ್ಯೂಟ್ರಲ್, 4ಎಲ್ (ನಾಲ್ಕು ಚಕ್ರ, ಲೋ) ನಾಲ್ಕಕ್ಕೂ ಹಾಕಿ ನೋಡಿ. ಲೋನಲ್ಲಿ ಮತ್ತೆ ಸುತ್ತು ಎಣಿಸಿ: ಈಗ ನಾಲ್ಕು ಸುತ್ತು ದಾಟಿ ಸ್ವಲ್ಪ ಬರಬೇಕು. ಈ ಎಣಿಕೆ ಸರಿಬಂದರೆ ಮಾತ್ರ ಕೇಸ್ ಗಾಡಿಯ ಕೆಳಗೆ ಹೋಗಲಿ.

ಹಂತ 6: ಏರಿಸಿ, ತುಂಬಿ, ಓಡಿಸಿ

ಬಿರುಕು ಬಿಟ್ಟ ರಬ್ಬರ್ ಮೌಂಟ್‌ಗಳನ್ನು ಈಗಲೇ ಬದಲಿಸಿ, ಏಕೆಂದರೆ ಹೊಸ ಗೇರ್‌ನಿಂದ ಅವುಗಳ ಮೇಲೆ ಎಳೆತ ಹೆಚ್ಚುತ್ತದೆ. ಶಾಫ್ಟ್‌ಗಳನ್ನು ಗೆರೆಗೆ ಗೆರೆ ಸೇರಿಸಿ. ಲೆವೆಲ್ ರಂಧ್ರದಿಂದ ಆಯಿಲ್ ಹನಿಯುವವರೆಗೆ ತುಂಬಿ. ಗೇರ್‌ಬಾಕ್ಸ್‌ನಿಂದ ಸುರಿದದ್ದನ್ನೂ ಭರ್ತಿಮಾಡಿ. ಸ್ಪೀಡೋಮೀಟರ್‌ಗೆ ಚಾಲನೆ ಸಿಗುವುದು ಔಟ್‌ಪುಟ್ ಕಡೆಯಿಂದ. ಹಾಗಾಗಿ ಈ ಗೇರ್‌ನಿಂದ ಅದರ ಲೆಕ್ಕ ಕೆಡುವುದಿಲ್ಲ. ಬೇರೆ ಗಾತ್ರದ ಟೈರ್ ಹಾಕಿದರೆ ಕೆಡುತ್ತದೆ.

ಮೊದಲು 2ಎಚ್‌ನಲ್ಲಿ ಬಡಾವಣೆಯೊಳಗೆ ನಿಧಾನವಾಗಿ ಒಂದು ಸುತ್ತು ಹೋಗಿ. ಕೂಗು, ಸೋರಿಕೆ, ಕೇಸ್‌ನ ಬಿಸಿ ಗಮನಿಸಿ. 4ಎಚ್, 4ಎಲ್ ಪರೀಕ್ಷೆ ಮಣ್ಣಿನ ಮೇಲೆಯೇ ಆಗಬೇಕು. ಜಿಪ್ಸಿಗೆ ಸೆಂಟರ್ ಡಿಫರೆನ್ಷಿಯಲ್ ಇಲ್ಲ. ಟಾರು ರಸ್ತೆಯಲ್ಲಿ ತಿರುಗಿಸಿದರೆ ಮುಂದಿನ ಮತ್ತು ಹಿಂದಿನ ಶಾಫ್ಟ್‌ಗಳು ಒಂದನ್ನೊಂದು ಜಗ್ಗಿ ಗೇರ್ ಮುರಿಯುವ ಅಪಾಯವಿದೆ. 500 ಕಿ.ಮೀ. ಆದ ಮೇಲೆ ಆಯಿಲ್ ಬಸಿದು ಹೊಸದು ಹಾಕಿ. ಬಸಿದ ಆಯಿಲಿನಲ್ಲಿ ನುಣ್ಣನೆಯ ಪುಡಿ ಇದ್ದರೆ ಚಿಂತೆಯಿಲ್ಲ, ಚೂರುಗಳಿದ್ದರೆ ಕೇಸ್ ಮತ್ತೆ ಬಿಚ್ಚಲೇಬೇಕು. ಹಳೆಯ ಆಯಿಲನ್ನು ಚರಂಡಿಗೆ ಸುರಿಯದೆ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ.

ಕೊನೆಯದಾಗಿ, ಇಷ್ಟು ಕಡಿಮೆ ಗೇರ್‌ನಲ್ಲಿ ಶಾಫ್ಟ್, ಆಕ್ಸಲ್‌ಗಳಿಗೆ ಹೋಗುವ ತಿರುಚುಬಲ ಮೊದಲಿಗಿಂತ ಶೇ 80ಕ್ಕೂ ಹೆಚ್ಚಾಗಿರುತ್ತದೆ. ಚಕ್ರ ಸಿಕ್ಕಿಕೊಂಡಾಗ ಆಕ್ಸಿಲರೇಟರ್ ಒತ್ತಿದರೆ ಮುರಿಯುವುದು ಅವೇ. ಕಾಲು ಹಗುರವಾಗಿರಲಿ, ಗಾಡಿಗೆ ಸಮಯ ಕೊಡಿ. ಇಂಜಿನ್ನಿನ ಐಡಲ್‌ನಲ್ಲೇ ಅದು ಕಲ್ಲು ಹತ್ತುತ್ತದೆ.