ಮೂರನೆಯ ಪುಸ್ತಕವನ್ನು ಇನ್ನೊಮ್ಮೆ ಓದು

ಪುಟ್ಟಿ,

ದಸರಾ ರಜೆಗೆ ಬಂದವಳು ಮೂರು ಪುಸ್ತಕಗಳನ್ನು ನನ್ನ ಮಂಚದ ಪಕ್ಕ ಬಿಟ್ಟುಹೋದೆ. "ಅಜ್ಜಿ, ಮೊದಲೆರಡು ಓದು, ಸೂಪರ್ ಆಗಿವೆ. ಮೂರನೇದು ಬೇಡ, ಬರೀ ಬೇಜಾರು" ಅಂದಿದ್ದೆ. ನಾನು ಮೂರನ್ನೂ ಓದಿದೆ. ಕಣ್ಣಿನ ಪೊರೆ ತೆಗೆಸಿದ ಮೇಲೆ ಹೀಗೆ ಒಂದೇ ಸಮನೆ ಓದಿದ್ದು ಇದೇ ಮೊದಲು. ಓದಿ ಮುಗಿಸಿ ವಾರವಾಯಿತು, ಆದರೆ ಮನಸ್ಸು ಇನ್ನೂ ಅಲ್ಲೇ ಇದೆ. ನಿನಗೆ ಕೆಲವು ಮಾತು ಹೇಳಬೇಕು. ಫೋನಿನಲ್ಲಾದರೆ ಅರ್ಧಕ್ಕೇ ನಿಂತುಹೋಗುತ್ತವೆ, ಅದಕ್ಕೇ ಬರೆಯುತ್ತಿದ್ದೇನೆ.

'ದ ಹಂಗರ್ ಗೇಮ್ಸ್' ಓದಲು ಶುರುಮಾಡಿದಾಗ ನನಗೆ ನೆನಪಾದದ್ದು ಬಕಾಸುರನ ಕಾಟದ ಏಕಚಕ್ರಪುರ. ನೀನು ಚಿಕ್ಕವಳಿದ್ದಾಗ ಊಟ ಮಾಡಿಸುತ್ತಾ ಎಷ್ಟು ಸಲ ಹೇಳಿದ್ದೇನೆ ಆ ಕಥೆ! ಸರದಿಯ ಮೇಲೆ ಮನೆಗೊಬ್ಬರು, ಒಂದು ಬಂಡಿ ಅನ್ನ, ಎರಡು ಕೋಣ. ಸರದಿ ಬಂದ ಮನೆಯಲ್ಲಿ ಅಪ್ಪ ನಾನು ಹೋಗುತ್ತೇನೆ ಅಂದರೆ ಅಮ್ಮ ನಾನು ಅನ್ನುತ್ತಾಳೆ, ಮಗಳು ನಾನು ಅನ್ನುತ್ತಾಳೆ. ಇನ್ನೂ ತೊದಲು ಬಿಡದ ಮಗ ಕೈಯಲ್ಲೊಂದು ಹುಲ್ಲುಕಡ್ಡಿ ಹಿಡಿದು ಇದರಿಂದಲೇ ರಾಕ್ಷಸನನ್ನು ಕೊಲ್ಲುತ್ತೇನೆ ಅನ್ನುತ್ತಾನೆ. ಸಾವಿನ ಆಟಕ್ಕೆ ಚೀಟಿ ಎತ್ತಿ ತಂಗಿ ಪ್ರಿಮ್‌ಳ ಹೆಸರು ಕೂಗಿದಾಗ ಕ್ಯಾಟ್ನಿಸ್ ತಾನು ಹೋಗುತ್ತೇನೆಂದು ಗುಂಪನ್ನು ಸೀಳಿಕೊಂಡು ಮುಂದೆ ಬರುತ್ತಾಳಲ್ಲ, ಅಲ್ಲಿ ನನಗೆ ಆ ಮನೆಯೇ ಕಂಡಿತು. ಬರೆದ ಸುಝೇನ್ ಕಾಲಿನ್ಸ್ ಅವರಿಗೆ ಹೊಳೆದದ್ದು ಗ್ರೀಕರ ಕಥೆಯಂತೆ. ಏಥೆನ್ಸಿನವರು ಏಳು ಹುಡುಗರನ್ನೂ ಏಳು ಹುಡುಗಿಯರನ್ನೂ ಕ್ರೀಟ್ ದ್ವೀಪದ ಮಿನೋಟಾರನಿಗೆ ಕಳಿಸುತ್ತಿದ್ದ ಕಥೆ ಅದು.

ಆದರೆ ಬಕಾಸುರ ತಿನ್ನುವುದಕ್ಕೆ ಕೊಲ್ಲುತ್ತಿದ್ದ. ಈ ಕಥೆಯಲ್ಲಿ ದೇಶವನ್ನು ಆಳುವ ರಾಜಧಾನಿ ಕ್ಯಾಪಿಟಲ್‌ನವರಿಗೆ ಹಸಿವೇ ಇಲ್ಲ. ಎರಡನೆಯ ಪುಸ್ತಕದ ಔತಣ ನೆನಪಿದೆಯಾ? ಹೊಟ್ಟೆ ತುಂಬಿದ ಮೇಲೂ ತಿನ್ನಬೇಕೆಂದು ವಾಂತಿಯಾಗುವ ಪಾನೀಯ ಕುಡಿಯುತ್ತಾರೆ. ಅವರಿಗೆ ಮಕ್ಕಳು ಬೇಕಿರುವುದು ನೋಡುವುದಕ್ಕೆ. ಹನ್ನೆರಡು ಜಿಲ್ಲೆಗಳಿಂದ ಒಬ್ಬೊಬ್ಬ ಹುಡುಗ, ಒಬ್ಬೊಬ್ಬ ಹುಡುಗಿ, ಒಟ್ಟು 24 ಮಕ್ಕಳು, ಹನ್ನೆರಡರಿಂದ ಹದಿನೆಂಟರ ಒಳಗಿನವರು. ಒಬ್ಬರು ಉಳಿಯುವವರೆಗೆ ಕೊಲ್ಲಬೇಕು, ದೇಶವೆಲ್ಲ ಟಿವಿಯಲ್ಲಿ ನೋಡಬೇಕು. ಕಾಲಿನ್ಸ್ ಒಂದು ರಾತ್ರಿ ಚಾನೆಲ್ ಬದಲಿಸುತ್ತಿದ್ದರಂತೆ. ಒಂದರಲ್ಲಿ ಬಹುಮಾನಕ್ಕಾಗಿ ಪೈಪೋಟಿ ನಡೆಸುವ ಹುಡುಗ ಹುಡುಗಿಯರು, ಇನ್ನೊಂದರಲ್ಲಿ ಇರಾಕ್ ಯುದ್ಧ. ಎರಡೂ ಕಣ್ಣಲ್ಲಿ ಬೆರೆತುಹೋದವು ಎಂದು ಅವರೇ ಹೇಳಿದ್ದಾರೆ. 2008ರಲ್ಲಿ ಬಂದ ಮೊದಲ ಪುಸ್ತಕ ಹುಟ್ಟಿದ್ದು ಆ ದಿಗಿಲಿನಿಂದ.

ಟೆಸೆರಾ ಪದ್ಧತಿಯನ್ನು ನೀನು ಅವಸರದಲ್ಲಿ ದಾಟಿಬಿಟ್ಟಿದ್ದೀಯ. ನೀನು ನನಗೆ ಕಥೆ ಹೇಳಿದಾಗ ಅದರ ಸುದ್ದಿಯೇ ಬರಲಿಲ್ಲ. ನಾನು ಅಲ್ಲೇ ನಿಂತುಬಿಟ್ಟೆ. ಹನ್ನೆರಡಾದ ಮಗುವಿನ ಹೆಸರಿನ ಚೀಟಿ ವರ್ಷಕ್ಕೊಂದು. ಮನೆಯಲ್ಲಿ ಕಾಳಿಲ್ಲದಿದ್ದರೆ ಇನ್ನೊಂದು ಚೀಟಿ ಹಾಕಿಸಿ, ಒಬ್ಬರಿಗೆ ಒಂದು ವರ್ಷಕ್ಕೆ ಒಂದಿಷ್ಟು ಕಾಳು, ಒಂದಿಷ್ಟು ಎಣ್ಣೆ ತರಬಹುದು. ಕ್ಯಾಟ್ನಿಸ್ ತನಗೆ, ತಂಗಿಗೆ, ತಾಯಿಗೆ ಎಂದು ವರ್ಷಾ ವರ್ಷ ಮೂರು ಹೆಚ್ಚಿಗೆ ಹಾಕಿಸುತ್ತಾಳೆ. ಹಳೆಯ ಚೀಟಿ ತೆಗೆಯುವುದಿಲ್ಲ, ಕೂಡುತ್ತಲೇ ಹೋಗುತ್ತದೆ. ಹದಿನಾರಕ್ಕೆ ಅವಳವು 20, ಅವಳ ಗೆಳೆಯ, ಹದಿನೆಂಟರ ಗೇಲ್‌ನವು 42. ಮೇಯರ್ ಮಗಳಿಗೆ ಕಾಳಿನ ಚೀಟಿಯೇ ಬೇಕಿಲ್ಲ. ಎಲ್ಲರೂ ಅದೃಷ್ಟ ಅದೃಷ್ಟ ಅನ್ನುತ್ತಿರುತ್ತಾರೆ, ಒಳಗೆ ನಡೆಯುತ್ತಿರುವುದು ಹಸಿವಿನ ಲೆಕ್ಕ. ಇನ್ನೂ ಕೆಟ್ಟದ್ದೆಂದರೆ, ಹಸಿದವರ ಸಿಟ್ಟು ಕ್ಯಾಪಿಟಲ್ ಮೇಲೆ ಹೋಗದೆ ಪಕ್ಕದ ಬೀದಿಯ ಮೇಯರ್ ಮಗಳ ಮೇಲೆ ಹೋಗುತ್ತದೆ. ಅದಕ್ಕೆಂದೇ ಈ ಪದ್ಧತಿ ಎನ್ನುವುದು ಗೇಲ್‌ಗೂ ಗೊತ್ತು. ಗೊತ್ತಿದ್ದೂ ಅವಳ ಬಿಳಿ ಫ್ರಾಕು ಕಂಡ ಕೂಡಲೇ ಅವನಿಗೆ ಸಿಟ್ಟು ಬರುತ್ತದೆ.

1966ರಲ್ಲಿ ನನಗೆ ಹತ್ತು ವರ್ಷ. ರೇಷನ್ ಅಂಗಡಿಯ ಮುಂದೆ ಚೀಲ ಹಿಡಿದು ನಿಂತಿದ್ದೇನೆ. ಅಮೆರಿಕದಿಂದ ಹಡಗಿನಲ್ಲಿ ಬಂದ ಗೋಧಿ. ಮುದ್ದೆ ಉಂಡು ಬೆಳೆದವರಿಗೆ ಅದರಿಂದ ಏನು ಮಾಡಬೇಕೆಂದು ತಿಳಿಯದು. ಅಮ್ಮ ಅದನ್ನು ಬೀಸಿ ರಾಗಿಹಿಟ್ಟಿಗೆ ಬೆರೆಸುತ್ತಿದ್ದಳು. ಚೀಲ ತುಂಬುವಾಗ ನಮ್ಮನ್ನು ಯಾರೂ ಏನೂ ಬರೆದುಕೊಡು ಎಂದು ಕೇಳಲಿಲ್ಲ. ಕಾಳಿನ ಜೊತೆಗೆ ಮಗುವಿನ ಹೆಸರು ಬರೆಸಿ ಬರುವ ತಾಯಿಯನ್ನು ನೆನೆದು, ಅದನ್ನು ಓದಿದ ರಾತ್ರಿ ದೀಪ ಆರಿಸಿದ ಮೇಲೂ ನಿದ್ದೆ ಬರಲಿಲ್ಲ.

ಅದೇ ವರ್ಷದ ಇನ್ನೊಂದು ಸಂಗತಿ ಇದೆ. ನಿನ್ನ ಅಮ್ಮನಿಗೂ ಹೇಳಿಲ್ಲ. ಅವತ್ತು ನಮ್ಮೂರ ಸಂತೆ. ಕಡಲೆಕಾಯಿ ರಾಶಿ ಹಾಕಿಕೊಂಡು ಕೂತಿದ್ದ ವ್ಯಾಪಾರಿಯ ಹತ್ತಿರ ಒಬ್ಬ ಹುಡುಗ ಒಂದು ಹಿಡಿ ಕದ್ದ. ಅವನನ್ನು ಹಿಡಿದು ಹುಣಸೆಮರಕ್ಕೆ ಕಟ್ಟಿದರು. ಜನ ಸುತ್ತುಗಟ್ಟಿದರು. ನಾನು ದೊಡ್ಡವರ ಕಾಲಸಂದಿಯಲ್ಲಿ ನುಸುಳಿ ಮುಂದೆ ಹೋಗಿ ನಿಂತೆ, ಚೆನ್ನಾಗಿ ಕಾಣಲಿ ಎಂದು. ಎಷ್ಟು ಹೊಡೆದರೂ ಅವನು ಮುಷ್ಟಿ ಬಿಡಲಿಲ್ಲ. ಬೆರಳು ಒಂದೊಂದಾಗಿ ಬಿಡಿಸಿದರು. ಒಳಗಿದ್ದದ್ದು ನಾಲ್ಕು ಕಾಯಿ. ಜನ ನಕ್ಕರು. ನಾನೂ ನಕ್ಕೆ. ನನ್ನ ಲಂಗದ ಮಡಿಲಲ್ಲಿ ಅಪ್ಪ ಕೊಡಿಸಿದ್ದ ಕಡಲೆಕಾಯಿ ಇತ್ತು ಪುಟ್ಟಿ, ಇನ್ನೂ ಬೆಚ್ಚಗಿತ್ತು. ಕೊನೆಗೆ ಬಳೆ ಮಾರುವ ಹೆಂಗಸೊಬ್ಬಳು ತನ್ನ ಗಂಟು ಅಲ್ಲೇ ಇಳಿಸಿ, ಬೈಗುಳ ತಿನ್ನುತ್ತಲೇ ಹಗ್ಗ ಬಿಚ್ಚಿದಳು. ಹುಡುಗನಿಗೆ ನನ್ನಷ್ಟೇ ವಯಸ್ಸು.

ಈಗ ಬೇಕರಿಯ ಹುಡುಗ ಪೀಟಾ ರೊಟ್ಟಿ ಎಸೆದ ದಿನವನ್ನು ನೆನೆಸಿಕೋ. ಕ್ಯಾಟ್ನಿಸ್‌ಳ ಅಪ್ಪ ಗಣಿಯಲ್ಲಿ ಸತ್ತಿದ್ದಾನೆ, ಅಮ್ಮ ಮಂಕು ಬಡಿದು ಕೂತಿದ್ದಾಳೆ. ಹನ್ನೊಂದು ವರ್ಷದ ಹುಡುಗಿ ಮಳೆಯಲ್ಲಿ ತಂಗಿಯ ಹಳೆಯ ಬಟ್ಟೆ ಮಾರಲು ಹೋಗಿ, ಯಾರೂ ಕೊಳ್ಳದೆ, ಬೇಕರಿಯ ಹಿತ್ತಿಲಿನ ಕಸದ ಡಬ್ಬಿ ತಡಕುತ್ತಾಳೆ. ಒಳಗಿನ ಹುಡುಗ ರೊಟ್ಟಿಯನ್ನು ಬೆಂಕಿಗೆ ಬೀಳಿಸುತ್ತಾನೆ, ತಾಯಿಯಿಂದ ಕೆನ್ನೆಗೆ ಏಟು ತಿನ್ನುತ್ತಾನೆ, ಹಂದಿಗೆ ಹಾಕಬೇಕಾದ ಸೀದ ರೊಟ್ಟಿ ಎರಡನ್ನು ಅವಳತ್ತ ಎಸೆಯುತ್ತಾನೆ. ಅವಳ ಕಡೆ ತಿರುಗಿಯೂ ನೋಡುವುದಿಲ್ಲ. ನಿನ್ನ ಗೆಳತಿಯರು ಪೀಟಾ ಕಡೆ ಒಂದು ಗುಂಪು, ಗೇಲ್ ಕಡೆ ಒಂದು ಗುಂಪು ಅಂತ ಮಾತಾಡಿಕೊಂಡು ಅವನ ಪ್ರೀತಿಯ ಬಗ್ಗೆ ಏನೇನೋ ಹೇಳುತ್ತಾರಲ್ಲ, ಅವನ ಪ್ರೀತಿಗೆ ಕಣ್ಣಿಗೆ ಕಾಣುವ ಗುರುತು ಆ ಕೆನ್ನೆಯ ಬಾಸುಂಡೆ. ಮೈ ಮೇಲೆ ಏಟು ತಗೊಂಡು ಕೊಟ್ಟ ಅನ್ನ. ನನ್ನ ಮಡಿಲಲ್ಲಿ ಅಷ್ಟೊಂದಿತ್ತು, ನಾನು ಒಂದು ಕಾಯಿ ಕೊಡಲಿಲ್ಲ.

ಆ ಸಂತೆಯ ಗುಂಪು ಈಗ ಫೋನಿನಲ್ಲಿ ಸೇರುತ್ತದೆ. ನಿನ್ನ ಫೋನಿಗೆ ಯಾರೋ ಏಟು ತಿನ್ನುವ, ಯಾರೋ ಕೈಮುಗಿದು ಅಳುವ ವಿಡಿಯೋ ಬರುತ್ತದೆ. ಬರದೇ ಇರುವುದಿಲ್ಲ. ಅದನ್ನು ಮುಂದಕ್ಕೆ ಕಳಿಸಬೇಡ ಮಗಳೇ. ಕೊನೆಯವರೆಗೆ ನೋಡಲೂಬೇಡ. ಬೈಯುತ್ತಾ ನೋಡಿದರೂ ನೋಡಿದ ಹಾಗೇ ಲೆಕ್ಕ. ನಿನ್ನ ಊರಿನದಾದರೆ, ನಿನಗೆ ಗೊತ್ತಿರುವವರದಾದರೆ, ದೊಡ್ಡವರೊಬ್ಬರಿಗೆ ಹೇಳು. ನನಗಾದರೂ ಹೇಳು.

ಇನ್ನು ಆಟದಲ್ಲಿ ಸಾಯುವ ಪುಟ್ಟ ರೂ. ನೀನು ಅವಳಿಗಾಗಿ ಅತ್ತೆ ಅಂದೆ, ನಾನೂ ಅತ್ತೆ. ಬೆಳೆ ಬೆಳೆಯುವ ಹನ್ನೊಂದನೆಯ ಜಿಲ್ಲೆಯ ಹುಡುಗಿ, ಹಕ್ಕಿಯ ಒಂದು ಇಡೀ ಕಾಲು ತನ್ನೊಬ್ಬಳಿಗೇ ಸಿಕ್ಕಿದ್ದು ಇದೇ ಮೊದಲು ಅನ್ನುತ್ತಾಳೆ. ದೇಶಕ್ಕೆ ಉಣ್ಣಿಸುವವರ ಮನೆಯ ಮಗು! ಅವಳ ಮೈಬಣ್ಣ ಗಾಢ ಕಂದು ಎಂದು ಪುಸ್ತಕದಲ್ಲೇ ಬರೆದಿದೆ. ಆದರೂ 2012ರಲ್ಲಿ ಸಿನಿಮಾ ಬಂದು ಅಮಾಂಡ್ಲಾ ಸ್ಟೆನ್‌ಬರ್ಗ್ ಎಂಬ ಕಪ್ಪು ಹುಡುಗಿ ಆ ಪಾತ್ರ ಮಾಡಿದಾಗ, ಪುಸ್ತಕದ ಅಭಿಮಾನಿಗಳೇ ಎಷ್ಟೋ ಮಂದಿ ರೇಗಿದರು. ಕಪ್ಪು ಹುಡುಗಿ ಸತ್ತರೆ ಅಷ್ಟು ದುಃಖವಾಗುವುದಿಲ್ಲ ಎಂದು ಬಾಯಿಬಿಟ್ಟು ಬರೆದವರೂ ಇದ್ದರು. ಅವರೂ ಓದುವಾಗ ಅತ್ತವರೇ. ಅವರು ಅತ್ತದ್ದು ತಾವೇ ಮನಸ್ಸಿನಲ್ಲಿ ಬಣ್ಣ ಹಚ್ಚಿಕೊಂಡ ಇನ್ಯಾವುದೋ ಮಗುವಿಗೆ. ಇದನ್ನು ತಿಳಿದಾಗ ನನಗೆ ನನ್ನ ಮೇಲೇ ಅನುಮಾನ ಬಂತು. ನಾನು ಓದಿದ ಎಷ್ಟು ಕಥೆಗಳಲ್ಲಿ, ಬರೆದವರು ಹೇಳಿದ್ದನ್ನು ಬಿಟ್ಟು ನನ್ನ ಕೇರಿಯ ಮುಖಗಳನ್ನೇ ಕೂರಿಸಿಕೊಂಡಿದ್ದೇನೋ. ನಿಧಾನವಾಗಿ ಓದು ಎಂದು ನಾನು ಪದೇ ಪದೇ ಹೇಳುವುದು ಪರೀಕ್ಷೆಯ ಅಂಕಕ್ಕಲ್ಲ. ಅವಸರದಲ್ಲಿ ಓದಿದರೆ ಕಥೆ ಹೇಳಿದ್ದೇ ಮರೆತುಹೋಗುತ್ತದೆ. ಎರಡನೆಯ ಸಿನಿಮಾದ ಹೊತ್ತಿಗೆ ಅಮೆರಿಕದಲ್ಲಿ ಕ್ಯಾಪಿಟಲ್ ಹೆಸರಿನಲ್ಲೇ ಮುಖಕ್ಕೆ ಹಚ್ಚುವ ಬಣ್ಣಗಳನ್ನೂ ಮಾರಿದರಂತೆ. ನೀನು ಕೊರಳಿಗೆ ಹಾಕಿಕೊಂಡ ಮಾಕಿಂಗ್‌ಜೇ ಹಕ್ಕಿಯ ಪದಕ ನನಗೆ ಇಷ್ಟವೇ, ಬೇಡ ಅನ್ನುವುದಿಲ್ಲ. ಆ ಹಕ್ಕಿ ಯಾಕೆ ಹಾಡಿತು ಎನ್ನುವುದೂ ಅದರ ಜೊತೆಯಲ್ಲಿರಲಿ.

ಮೂರು ಬೆರಳು ತುಟಿಗೆ ಮುಟ್ಟಿಸಿ ಎತ್ತುವ ಸನ್ನೆಯನ್ನು ನೀವು ಫೋಟೋಗಳಲ್ಲಿ ಮಾಡುತ್ತೀರಿ. ಹನ್ನೆರಡನೆಯ ಜಿಲ್ಲೆಯಲ್ಲಿ ಅದು ಸಾವಿನ ಮನೆಯ ಸನ್ನೆ. ಪ್ರೀತಿಪಾತ್ರರನ್ನು ಕಳಿಸಿಕೊಡುವಾಗ ಮಾಡುವುದು. ಕ್ಯಾಟ್ನಿಸ್ ವೇದಿಕೆ ಹತ್ತಿದಾಗ ಚಪ್ಪಾಳೆ ತಟ್ಟಿ ಅಂದರೆ ಜನ ತಟ್ಟುವುದಿಲ್ಲ, ಸುಮ್ಮನೆ ಮೂರು ಬೆರಳು ಎತ್ತುತ್ತಾರೆ. 2014ರ ಮೇ ತಿಂಗಳಲ್ಲಿ ಥಾಯ್ಲೆಂಡಿನಲ್ಲಿ ಸೇನೆ ಅಧಿಕಾರ ಕಿತ್ತುಕೊಂಡಾಗ ಅಲ್ಲಿಯ ಯುವಕರು ಇದೇ ಸನ್ನೆಯನ್ನು ಬೀದಿಗೆ ತಂದರು. ಅದೇ ನವೆಂಬರಿನಲ್ಲಿ ಖೋನ್ ಕೇನ್ ಎಂಬ ಊರಿನಲ್ಲಿ ಪ್ರಧಾನಿ ಮಾತಾಡುತ್ತಿರುವಾಗ ಐವರು ವಿದ್ಯಾರ್ಥಿಗಳು ಎದುರಿಗೇ ನಿಂತು ಬೆರಳು ಎತ್ತಿದರು, ಪೊಲೀಸರು ಹಿಡಿದೊಯ್ದರು. 2021ರಲ್ಲಿ ಮ್ಯಾನ್ಮಾರಿನ ಬೀದಿಗಳಲ್ಲಿ ಇದೇ. ಆ ದೇಶದ ರಾಯಭಾರಿ ಚೋ ಮೋ ಟುನ್ ವಿಶ್ವಸಂಸ್ಥೆಯ ಸಭೆಯಲ್ಲಿ ತನ್ನದೇ ದೇಶದ ಸೇನೆಯ ವಿರುದ್ಧ ಮಾತಾಡಿ ಮೂರು ಬೆರಳು ಎತ್ತಿದರು. ನಿನ್ನ ಈಗಿನ ವಯಸ್ಸಿಗಿಂತ ನಾಲ್ಕೈದು ವರ್ಷ ದೊಡ್ಡವರಿದ್ದಿರಬಹುದು ಖೋನ್ ಕೇನಿನ ಆ ವಿದ್ಯಾರ್ಥಿಗಳು ಆಗ. ಅವರೂ ನಿನ್ನ ಹಾಗೆ ಈ ಕಥೆಯನ್ನು ಮೆಚ್ಚಿದವರೇ ಇರಬೇಕು.

ಈಗ ಮೂರನೆಯ ಪುಸ್ತಕಕ್ಕೆ ಬರುತ್ತೇನೆ.

ನಿನ್ನ ಬೇಜಾರು ನನಗೆ ಅರ್ಥವಾಗುತ್ತದೆ. ಬಿಲ್ಲು ಹಿಡಿದವಳು ಕೊನೆಗೆ ಗೆದ್ದು ಬರಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ಅವಳೋ ಬೀರುವಿನೊಳಗೆ ಅಡಗಿ ಕೂರುತ್ತಾಳೆ, ಔಷಧದ ಮಂಪರಿನಲ್ಲಿ ಮಲಗುತ್ತಾಳೆ, ಕಿರುಚುತ್ತಾ ಏಳುತ್ತಾಳೆ. ಆದರೆ ಕೊಂದು ಬದುಕಿ ಬಂದ ಹದಿನೇಳರ ಹುಡುಗಿ ಇನ್ನು ಹೇಗಿರಬೇಕಿತ್ತು ಹೇಳು. ಕಾಲಿನ್ಸ್ ಅವರ ತಂದೆ ಅಮೆರಿಕದ ವಾಯುಪಡೆಯವರು. 1968ರಲ್ಲಿ, ಇವರಿಗೆ ಆರು ವರ್ಷವಾಗಿದ್ದಾಗ, ವಿಯೆಟ್ನಾಂ ಯುದ್ಧಕ್ಕೆ ಹೋದರು. ಆ ಕಾಯುವಿಕೆಯನ್ನೇ ಇಟ್ಟುಕೊಂಡು ಇವರು 2013ರಲ್ಲಿ ಚಿಕ್ಕ ಮಕ್ಕಳಿಗೊಂದು ಚಿತ್ರಪುಸ್ತಕ ಬರೆದಿದ್ದಾರೆ. ಯುದ್ಧ ಅಂದರೆ ಬಾವುಟ ಹಿಡಿದು ಮರಳುವುದಲ್ಲ ಎನ್ನುವುದನ್ನು ಇವರು ಮನೆಯಲ್ಲೇ ಕಲಿತವರು. ಹಾಗಾಗಿ ನಮಗೆ ಹಿತವಾಗುವ ಸುಳ್ಳನ್ನು ಬರೆಯಲಿಲ್ಲ.

ಕ್ಯಾಪಿಟಲ್ ವಿರುದ್ಧದ ಬಂಡಾಯಕ್ಕಾಗಿ ಗೇಲ್ ಮತ್ತು ಯಂತ್ರಗಳ ಜಾಣ ಬೀಟಿ ಕೂತು ಯೋಚಿಸಿದ ಉಪಾಯ ನೆನಪು ಮಾಡಿಕೋ. ಒಂದು ಬಾಂಬು ಸಿಡಿಯುತ್ತದೆ. ಗಾಯಗೊಂಡವರನ್ನು ಎತ್ತಲು ಜನ ಓಡಿಬರುತ್ತಾರೆ. ಆಗ ಎರಡನೆಯದು. ಶತ್ರುವಿಗೆ ಎಂದು ಮಾಡಿದ್ದು ಅದು. ಕೊನೆಗೆ ಕ್ಯಾಪಿಟಲ್‌ನ ಮಕ್ಕಳ ಮೇಲೆ ಬೆಳ್ಳಿಬಣ್ಣದ ಪ್ಯಾರಾಚೂಟುಗಳು ಇಳಿಯುತ್ತವೆ, ಮಕ್ಕಳು ಉಡುಗೊರೆ ಎಂದು ಕೈಚಾಚುತ್ತಾರೆ. ಸಿಡಿದ ಮೇಲೆ ಅವರನ್ನು ಉಳಿಸಲು ಓಡಿಬಂದವರಲ್ಲಿ ಪ್ರಿಮ್ ಇರುತ್ತಾಳೆ. ಯಾವ ಮಗುವನ್ನು ಉಳಿಸಲು ಮೊದಲ ಪುಸ್ತಕದ ಕಥೆಯೆಲ್ಲ ಶುರುವಾಯಿತೋ ಆ ಮಗು. ನೀನು ಪುಸ್ತಕ ಮುಚ್ಚಿದ್ದು ಅಲ್ಲೇ ಅಂದೆ. ಅಲ್ಲಿಂದ ಮುಂದಿನ ಪುಟಗಳಿಗಾಗಿಯೇ ಈ ಪತ್ರ.

ಗೆದ್ದ ಮೇಲೆ ಬಂಡಾಯದವರ ಅಧ್ಯಕ್ಷೆ ಕಾಯಿನ್ ಏಳು ಮಂದಿಯನ್ನು ಕೂರಿಸಿ ಕೇಳುತ್ತಾಳೆ: ಕ್ಯಾಪಿಟಲ್‌ನವರ ಮಕ್ಕಳನ್ನು ಇಟ್ಟುಕೊಂಡು ಕೊನೆಯದಾಗಿ ಒಂದು ಆಟ ಆಡಿಸೋಣವೇ? ಏಳೂ ಜನ ಆ ಆಟದಲ್ಲಿ ಬೆಂದವರು. ಪೀಟಾ ಕೂಡಲೇ ಬೇಡ ಅನ್ನುತ್ತಾನೆ. ಕ್ಯಾಟ್ನಿಸ್ ಪ್ರಿಮ್ ಹೆಸರು ಹೇಳಿ ಆಗಲಿ ಅನ್ನುತ್ತಾಳೆ. ಆಮೇಲೆ ಕ್ಯಾಪಿಟಲ್‌ನ ಸೋತ ಅಧ್ಯಕ್ಷ ಸ್ನೋನನ್ನು ಕೊಲ್ಲಬೇಕಾದ ಬಾಣವನ್ನು ಕಾಯಿನ್‌ಗೆ ಬಿಡುತ್ತಾಳೆ. ಅವಳು ಆಗಲಿ ಅಂದದ್ದು ನಂಬಿಸುವುದಕ್ಕೋ, ಆ ಗಳಿಗೆಯಲ್ಲಿ ಅವಳಿಗೆ ಹಾಗೇ ಅನ್ನಿಸಿತ್ತೋ ಎಂದು ಓದಿದವರು ಇವತ್ತಿಗೂ ಜಗಳವಾಡುತ್ತಾರೆ. ನನಗೆ ಅವಳು ನಿಜವಾಗಿಯೇ ಹಾಗೆ ಅಂದಳು ಅನ್ನಿಸುತ್ತದೆ. ಸಂಕಟಕ್ಕೆ ಅಷ್ಟು ಶಕ್ತಿಯಿದೆ. ನಿನ್ನ ವಯಸ್ಸಿನಲ್ಲಿ ಸಿಟ್ಟು ಬರಬೇಕು, ಅನ್ಯಾಯ ಕಂಡು ರಕ್ತ ಕುದಿಯದಿದ್ದರೆ ನನಗೆ ಭಯವಾಗುತ್ತದೆ. ಆದರೆ ಆ ಸಿಟ್ಟನ್ನು ಎರವಲು ಕೇಳಿಕೊಂಡು ಬರುವವರು ಇರುತ್ತಾರೆ. ನಿನ್ನ ನೋವಿಗೆ ಅವರೂ ಅಳುತ್ತಾರೆ, ನಿನ್ನ ಪರವಾಗಿ ಭಾಷಣ ಮಾಡುತ್ತಾರೆ, ಕೊನೆಗೆ ಯಾರದೋ ಮಕ್ಕಳ ಚೀಟಿ ಇರುವ ಗಾಜಿನ ಬೋಗುಣಿಯನ್ನು ನಿನ್ನ ಮುಂದೆ ತಂದಿಡುತ್ತಾರೆ. ಯಾರೇ ಆಗಲಿ, ಯಾವ ಬಣ್ಣದ ಬಾವುಟದವರೇ ಆಗಲಿ, ಬೋಗುಣಿ ತಂದರೆಂದರೆ ಎದ್ದು ಬಾ.

ಕಥೆಯ ಕೊನೆಗೆ ಕ್ಯಾಟ್ನಿಸ್‌ಗೆ ಎರಡು ಮಕ್ಕಳಿದ್ದಾರೆ, ಕನಸುಗಳು ಮಾತ್ರ ಬಿಟ್ಟಿಲ್ಲ. ಮನಸ್ಸು ಕುಸಿದ ದಿನ ಅವಳು ತಾನು ಕಂಡ ಒಳ್ಳೆಯ ಕೆಲಸಗಳನ್ನು ಒಂದೊಂದಾಗಿ ಎಣಿಸುತ್ತಾಳೆ. ನಾನೂ ಶುರುಮಾಡಿದ್ದೇನೆ. ಮೊದಲನೆಯದು ಆ ಬಳೆಗಾರ್ತಿ.

ಪುಸ್ತಕಗಳನ್ನು ನಿನ್ನ ಮಾವನ ಕೈಲಿ ಕಳಿಸುತ್ತಿದ್ದೇನೆ. ಮೂರನೆಯದರಲ್ಲಿ, ಏಳು ಜನ ಮತ ಹಾಕುವ ಪುಟದಲ್ಲಿ ಒಂದು ಬಸ್ ಟಿಕೆಟ್ ಸಿಕ್ಕಿಸಿದ್ದೇನೆ. ಅಲ್ಲಿಗೆ ಬಂದಾಗ ನಿನ್ನದು ಯಾವ ಕಡೆ ಎಂದು ಪೆನ್ಸಿಲ್‌ನಲ್ಲಿ ಬರೆದಿಡು. ನನ್ನದನ್ನು ಟಿಕೆಟಿನ ಹಿಂದೆ ಬರೆದಿದ್ದೇನೆ, ನಿನ್ನದು ಬರೆಯುವ ತನಕ ತಿರುಗಿಸಿ ನೋಡಬೇಡ.