ಕೊಳವೆಯ ನೀರು: ಎತ್ತರ ಮತ್ತು ಒತ್ತಡ

ನೀರು ತಗ್ಗಿನತ್ತ ಹರಿಯುತ್ತದೆಂಬುದು ಲೋಕಾನುಭವ. ನಮ್ಮ ಝರಾಸಂಗಂ ಸೀಮೆಯ ಹಳ್ಳಗಳಿಗೂ ನೆರೆಯ ಬೀದರಿನ ನೌಬಾದಿನಲ್ಲಿರುವ ಬಹಮನಿ ಕಾಲದ ಕರೇಜಿಗೂ ಈ ಮಾತು ಒಪ್ಪುತ್ತದೆ. ಕರೇಜ್ ಎಂದರೆ ನೆಲದೊಳಗೆ ಕೊರೆದ ಸುರಂಗ ಕಾಲುವೆ. ಅದರಲ್ಲಿ ಹರಿಯುವ ನೀರಿನ ಮೇಲ್ಮೈಗೆ ಉದ್ದಕ್ಕೂ ಗಾಳಿ ತಾಕುತ್ತಿರುತ್ತದೆ. ಮೇಲ್ಮೈಯ ಒತ್ತಡ ಎಲ್ಲೆಡೆಯೂ ಒಂದೇ ಆದುದರಿಂದ ಇಳಿಜಾರೊಂದೇ ಹರಿವನ್ನು ನಿರ್ಣಯಿಸುತ್ತದೆ.

ನೀರು ತುಂಬಿದ ಮುಚ್ಚು ಕೊಳವೆಯ ನಡೆ ಬೇರೆ. ಅಲ್ಲಿ ನೀರು ಏರನ್ನೂ ಹತ್ತಬಲ್ಲದು. ಹಾಗಾದರೆ ಹೆಚ್ಚು ಒತ್ತಡದಿಂದ ಕಡಿಮೆ ಒತ್ತಡದೆಡೆಗೆ ಹರಿಯುವುದೇ ನಿಯಮವೆ? ಅದೂ ಪೂರ್ಣ ಸತ್ಯವಲ್ಲ.

ಒತ್ತಡವನ್ನು ನೀರಿನ ಕಂಬದ ಎತ್ತರವಾಗಿ ಅಳೆಯೋಣ. 10 ಮೀಟರ್ ನೀರಿನ ಕಂಬವು ತನ್ನ ಬುಡದಲ್ಲಿ ಸುಮಾರು ಒಂದು ವಾಯುಮಂಡಲದಷ್ಟು ಒತ್ತಡವನ್ನು ಹೆಚ್ಚಿಸುತ್ತದೆ. ಒಂದೇ ಅಗಲದ ಕೊಳವೆಯಲ್ಲಿ ಮೂರು ಎಡೆಗಳಿವೆಯೆನ್ನಿ. ಮೊದಲನೆಯದರ ಎತ್ತರ 6 ಮೀಟರ್, ಒತ್ತಡ 4 ಮೀಟರ್, ಮೊತ್ತ 10. ಎರಡನೆಯದು ತಗ್ಗಿನಲ್ಲಿದೆ: ಎತ್ತರ 1, ಒತ್ತಡ 8; ಮೊತ್ತ 9. ಮೂರನೆಯದು ದಿಬ್ಬದ ಮೇಲಿದೆ: ಎತ್ತರ 5, ಒತ್ತಡ 3, ಮೊತ್ತ 8. ನೀರು ಮೊದಲು ಹೆಚ್ಚಿನ ಒತ್ತಡದೆಡೆಗೆ ಇಳಿಯಿತು, ಬಳಿಕ ಏರನ್ನು ಹತ್ತಿತು. ಉದ್ದಕ್ಕೂ ಇಳಿಯುತ್ತ ಬಂದುದು ಮೊತ್ತವೊಂದೇ. ಕಡಿಮೆಯಾದ ಒಂದೊಂದು ಮೀಟರ್ ಘರ್ಷಣೆಗೆ ಸಂದ ತೆರಿಗೆ. ಗಾರೆಯವರು ಮಟ್ಟ ನೋಡುವ ನೀರಿನ ಕೊಳವೆಯಲ್ಲಿ ಎರಡೂ ತುದಿಗಳ ಮೊತ್ತ ಸಮವಾಗಿರುವುದರಿಂದಲೇ ನೀರು ನಿಲ್ಲುತ್ತದೆ.

ಈ ಲೆಕ್ಕದಲ್ಲಿ ತಗ್ಗಿನ ಎಡೆಗೇ ಅಪಾಯ ಹೆಚ್ಚು. ಒತ್ತಡ ಮಿತಿಮೀರಿದರೆ ಕೊಳವೆ ಅಲ್ಲಿ ಒಡೆಯುತ್ತದೆ. ಆದಿಲಶಾಹಿ ವಿಜಯಪುರದ ಶಿಲ್ಪಿಗಳು ಇದನ್ನು ಬಲ್ಲವರಾಗಿದ್ದರು. ಮಹಮ್ಮದ್ ಆದಿಲಶಾಹನು 1651ರಲ್ಲಿ ಕಟ್ಟಿಸಿದ ಬೇಗಂ ತಲಾಬಿನಿಂದ ನಗರಕ್ಕೆ ನೀರು ತಂದುದು ಗಾರೆಯಲ್ಲಿ ಹುದುಗಿಸಿದ ಮಣ್ಣಿನ ಕೊಳವೆಗಳು. ದಾರಿಯಲ್ಲಿ ಅವರು 25ರಿಂದ 40 ಅಡಿ ಎತ್ತರದ ‘ಗಂಜ್’ ಎಂಬ ಗೋಪುರಗಳನ್ನು ನಿಲ್ಲಿಸಿದರು. ಗಂಜಿನಲ್ಲಿ ನೀರು ಗಾಳಿಗೆ ತೆರೆದುಕೊಂಡು ಹೆಚ್ಚಿನ ಒತ್ತಡವನ್ನು ಕಳೆದುಕೊಳ್ಳುತ್ತಿತ್ತು. ಕೆಸರು ತಳದಲ್ಲಿ ಉಳಿಯುತ್ತಿತ್ತು. ಮುಂದಿನ ಕೊಳವೆ ಹೊರಬೇಕಾದುದು ಆ ಗಂಜಿನ ನೀರಿನ ಮಟ್ಟದಿಂದ ಹುಟ್ಟುವ ಒತ್ತಡವನ್ನು ಮಾತ್ರ.

ಬರ್ನೂಲಿಯ ದ್ರವಚಲನ ಗ್ರಂಥ ಪ್ರಕಟವಾದುದು 1738ರಲ್ಲಿ. ಸೂತ್ರ ಅಚ್ಚಾಗುವ ಮೊದಲೇ ಕನ್ನಡ ನೆಲದ ಕುಶಲಿಗಳು ಅದರ ತಿರುಳನ್ನು ಕಲ್ಲುಗಾರೆಗಳಲ್ಲಿ ಕಟ್ಟಿದ್ದರು. ವಿಜಯಪುರದಲ್ಲಿ ಇಂದಿಗೂ ನಿಂತಿರುವ ಗಂಜೊಂದನ್ನು ಕಂಡಾಗ ವಿದ್ಯಾರ್ಥಿಗಳು ಅದನ್ನು ಬರಿಯ ಗೋಪುರವೆಂದು ಬಗೆಯದೆ, ಒತ್ತಡದ ಪಾಠವೆಂದು ಓದಲಿ.